ಕಾಗದದ ಮೇಲೆ ಬಂದ ದೊರೆಗಳು



ದೊರೆಯ ಮುಖ ಹೇಗಿದೆ ಅಂತ ಹಿಂದಿನ ಕಾಲದ ಪ್ರಜೆಗೆ ಗೊತ್ತಾಗುತ್ತಿದ್ದದ್ದು ಹೆಚ್ಚಾಗಿ ನಾಣ್ಯದಿಂದ. ತೈಲಚಿತ್ರಗಳೇನಿದ್ದರೂ ಅರಮನೆಗೆ, ಶ್ರೀಮಂತರ ಮನೆಗೆ. ಗೆರೆ ಕೊರೆದು ಅಚ್ಚು ಹಾಕಿದ ಚಿತ್ರಗಳಿದ್ದವು, ನಿಜ. ಆದರೆ ರೇಷ್ಮೆಯ ಹೊಳಪು, ಕೆನ್ನೆಯ ನುಣುಪು ಗೆರೆಗಳಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಅದನ್ನು ದಕ್ಕಿಸಿಕೊಟ್ಟದ್ದು ಮೆಜೊಟಿಂಟ್.

1642ರಲ್ಲಿ ಲುಡ್ವಿಗ್ ಫಾನ್ ಸೀಗೆನ್ ಎಂಬಾತ ಜರ್ಮನಿಯ ಹೆಸ್ಸೆ-ಕಾಸೆಲ್‌ನ ರಾಣಿಯೊಬ್ಬಳ ಚಿತ್ರವನ್ನು ಈ ಬಗೆಯಲ್ಲಿ ಅಚ್ಚುಹಾಕಿದ. ಬ್ರಿಟನ್ನಿಗೆ ಈ ವಿದ್ಯೆ ತಂದವನು ರಾಜಕುಮಾರ ರೂಪರ್ಟ್. 1649ರಲ್ಲಿ ತಲೆ ಕಳೆದುಕೊಂಡ ದೊರೆ 1ನೇ ಚಾರ್ಲ್ಸನ ಸೋದರಳಿಯ. ಅವನೇ ಮಾಡಿದ ಹೆಸರಾಂತ ಚಿತ್ರ ಯಾವುದು ಗೊತ್ತೇ? ಕತ್ತರಿಸಿದ ತಲೆ ಹಿಡಿದು ನಿಂತ ಕೊಲೆಗಡುಕನದು, 1658ರದ್ದು! ವಿಷಯ ಬೈಬಲಿನದೇ, ಆದರೂ ಮಾವನ ನೆನಪಾಗದೆ ಇದ್ದೀತೇ?

ಕೆಲಸದ ರೀತಿ ಮಜವಾಗಿದೆ. ಹಲ್ಲುಹಲ್ಲಿನ ಉಳಿಯನ್ನು ತೂಗಿತೂಗಿ ತಾಮ್ರದ ತಗಡನ್ನೆಲ್ಲ ಒರಟು ಮಾಡುತ್ತಾರೆ. ಆಗಲೇ ಮಸಿ ಬಳಿದು ಒತ್ತಿದರೆ ಕಾಗದ ಪೂರ್ತಿ ಕಪ್ಪು. ಮುಖಕ್ಕೆ ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಹೆರೆದು ನಯಮಾಡಬೇಕು. ಅಂದರೆ ದೊರೆ ಕತ್ತಲೆಯಿಂದ ಹೊರಬರುತ್ತಾನೆ. ಆದರೆ ಒತ್ತಿದಷ್ಟೂ ಒರಟು ಸವೆದು ಆ ಮಖಮಲ್ಲಿನ ಕಪ್ಪು ಮಾಸುತ್ತದೆ. ಅದಕ್ಕೇ ಸಂಗ್ರಾಹಕರು ಮೊದಮೊದಲ ಪ್ರತಿಗಳಿಗೆ ಮುಗಿಬೀಳುತ್ತಿದ್ದರು.

ಲೆಲಿ, ನೆಲ್ಲರ್ ಮುಂತಾದ ಆಸ್ಥಾನ ಚಿತ್ರಕಾರರ ರಾಜರಾಣಿಯರೆಲ್ಲ ಹೀಗೆ ಅಂಗಡಿಗೆ ಬಂದರು. ನೆಲ್ಲರನ ಚಿತ್ರಗಳನ್ನು ತಗಡಿಗಿಳಿಸಿದ ಜಾನ್ ಸ್ಮಿತ್ ಅದರಲ್ಲಿ ಎತ್ತಿದ ಕೈ.

ಇದು ಬರೀ ಶೋಕಿಯಲ್ಲ, ರಾಜಕೀಯವೂ ಹೌದು. 1688ರಲ್ಲಿ 2ನೇ ಜೇಮ್ಸನಿಗೆ ಗಂಡುಮಗು ಹುಟ್ಟಿದಾಗ, ಅದು ರಾಣಿಯ ಮಗುವೇ ಅಲ್ಲ, ಹಾಸಿಗೆ ಬಿಸಿಮಾಡುವ ಬಾಣಲೆಯಲ್ಲಿ ಬಚ್ಚಿಟ್ಟು ತಂದದ್ದು ಎಂದು ಊರೆಲ್ಲ ಗುಲ್ಲೆದ್ದಿತು. ಆ ಕೂಸಿನ ಚಿತ್ರವೂ ಅಚ್ಚಾಯಿತು. ಅದೇ ವರ್ಷದ ಕೊನೆಗೆ ತಂದೆ ದೇಶಬಿಟ್ಟು ಓಡಿದ. ಅಲ್ಲಿಂದಾಚೆ ಯಾರ ಚಿತ್ರ ಗೋಡೆಯ ಮೇಲಿದೆ ಅನ್ನುವುದೇ ಮನೆಯವರ ನಿಷ್ಠೆಗೆ ಸಾಕ್ಷಿ ಹೇಳಬಹುದಿತ್ತು.

ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಜೇಮ್ಸನ ನೌಕಾ ಕಾರ್ಯದರ್ಶಿ. 1689ರಲ್ಲಿ ಹುದ್ದೆ ಕಳೆದುಕೊಂಡ. ಅವನು ಕೂಡಿಟ್ಟ ಮುಖಚಿತ್ರಗಳ ಆಲ್ಬಂಗಳು ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. ಚಿತ್ರಗಳಿಗೂ ಅವನ ಪುಸ್ತಕಗಳಿಗೂ ಒಂದೇ ಸೂರು.

ಎಲ್ಲ ಚಿತ್ರಗಳಿಗೂ ಇಂಥ ಭಾಗ್ಯವಿರಲಿಲ್ಲ. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ ಇಂಗ್ಲೆಂಡಿನ ಮುಖಚಿತ್ರಗಳನ್ನು ಆಳ್ವಿಕೆವಾರು, ಅಂತಸ್ತುವಾರು ಪಟ್ಟಿಮಾಡಿ ಪುಸ್ತಕ ತಂದ. ಮೊದಲ ದರ್ಜೆ ರಾಜಮನೆತನದ್ದೇ ಅನ್ನಿ. ಪಟ್ಟಿ ಸಿಕ್ಕಿದ್ದೇ ತಡ, ಅದರಲ್ಲಿರುವುದೆಲ್ಲ ತಮಗೂ ಬೇಕೆನ್ನುವವರು ಹುಟ್ಟಿಕೊಂಡರು. ಬೆಲೆ ಏರಿತು. ಹಳೆಯ ಪುಸ್ತಕಗಳಿಂದ ಚಿತ್ರಗಳನ್ನು ಕತ್ತರಿಸಿ ತಮ್ಮ ಪ್ರತಿಗೆ ಸೇರಿಸಿಕೊಂಡರು. ಪಾದ್ರಿಯ ಹೆಸರೇ ಇಂಗ್ಲಿಷಿನಲ್ಲಿ ಈ ಚಟಕ್ಕೆ ಕ್ರಿಯಾಪದವಾಗಿ ನಿಂತುಬಿಟ್ಟಿತು, ಪಾಪ.