ಸೀನು ಪರದೆಯಿಂದ ಹಸಿರು ಪರದೆಗೆ

ಹಸಿರು ಬಟ್ಟೆಯ ಮುಂದೆ ಗೆಳೆಯನನ್ನು ನಿಲ್ಲಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಅವನನ್ನು ಚಾಮುಂಡಿಬೆಟ್ಟಕ್ಕೋ ಚಂದ್ರಲೋಕಕ್ಕೋ ಕಳಿಸುವ ವಿದ್ಯೆಯನ್ನು ಮೈಸೂರಿನ ವಿದ್ಯಾರ್ಥಿಗಳು ಹೊಚ್ಚಹೊಸದೆಂದು ತಿಳಿದಿದ್ದಾರೆ. ಯಂತ್ರ ಹೊಸದು, ನಿಜ. ಆದರೆ ಅದರ ಕಷ್ಟ ಈ ಊರಿಗೆ ನೂರನಲವತ್ತು ವರ್ಷ ಹಳೆಯದು. ಬಯಲಾಟಕ್ಕೆ ಬರೆದ ಹಿನ್ನೆಲೆ ಬೇಕಿರಲಿಲ್ಲ. ಭಾಗವತ ಹಾಡಿದರೆ ಅಲ್ಲೇ ಕಾಡು. 1880ರ ದಶಕದ ಆರಂಭದಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆ ನಾಟಕ ಕಂಪನಿ ಹುಟ್ಟಿ, ಬಸವಪ್ಪ ಶಾಸ್ತ್ರಿಗಳ ಶಾಕುಂತಲ ರಂಗವೇರಿತು. ಪಾರ್ಸಿ, ಮರಾಠಿ ಕಂಪನಿಗಳು ತೋರಿಸಿಕೊಟ್ಟ ಸೀನು ಪರದೆಗಳು ಕನ್ನಡ ರಂಗಭೂಮಿಗೂ ಬಂದವು: ಕಾಡು, ಬೀದಿ, ದರ್ಬಾರು. ನಟ ಪರದೆಗೆ ಅಂಟಿ ನಿಂತನೋ, ಅವನ ನೆರಳು ದೂರದ ಬೆಟ್ಟದ ಮೇಲೆ ಬೀಳುತ್ತದೆ. ಆ ಕ್ಷಣವೇ ಬೆಟ್ಟ ಹೋಗಿ ಬಟ್ಟೆ ಉಳಿಯುತ್ತದೆ. ಪರದೆ ಕಟ್ಟಿ ಚಿತ್ರ ತೆಗೆಯುತ್ತಿದ್ದ ಫೋಟೋ ಸ್ಟುಡಿಯೋಗಳಿಗೂ ಇದೇ ತೊಡಕಿತ್ತು.

ಹಸಿರು ಪರದೆ ಕೆಡುವುದೂ ಇಲ್ಲೇ. ಮನುಷ್ಯನ ಮೈಬಣ್ಣದಲ್ಲಿ ಹಸಿರಿನ ಪಾಲು ಕಡಿಮೆ, ಡಿಜಿಟಲ್ ಕ್ಯಾಮೆರಾಕ್ಕೆ ಹಸಿರೇ ಹೆಚ್ಚು ಸ್ಪಷ್ಟ. ಆದ್ದರಿಂದ ಕಂಪ್ಯೂಟರಿನಲ್ಲಿ ಅಳಿಸಲು ಈ ಬಣ್ಣ. ಬಟ್ಟೆ ಸುಕ್ಕಾದರೆ, ಬೆಳಕು ಸಮವಾಗಿ ಬೀಳದಿದ್ದರೆ, ಆಳು ಹತ್ತಿರ ನಿಂತು ಹಸಿರು ಅವನ ಹೆಗಲಿಗೆ ಅಂಟಿದರೆ, ಯಾವ ಸಾಫ್ಟ್‌ವೇರೂ ಪೂರ್ತಿ ಕಾಪಾಡದು. ಹಸಿರು ಮೈಸೂರು ರೇಷ್ಮೆ ಸೀರೆ ಉಟ್ಟ ನಿರೂಪಕಿಯ ತಲೆ, ಕೈಗಳಷ್ಟೇ ಉಳಿದಾವು! ಪರದೆ ಬರೆದವರಿಂದ ಈ ಹುಡುಗರು ಏನೂ ಕಲಿತಿಲ್ಲ, ಯೂಟ್ಯೂಬಿನಿಂದ ಕಲಿತರು ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಗುರುಪರಂಪರೆ ತುಂಡಾಗಿದೆ, ಅದಕ್ಕೇ ಹಳೆಯ ತಪ್ಪುಗಳು ಮತ್ತೆ ಮತ್ತೆ ಹುಟ್ಟುತ್ತಿವೆ.

ಅರಮನೆ, ಕುಕ್ಕರಹಳ್ಳಿ ಕೆರೆ ಕಣ್ಣೆದುರಿಗಿರುವಾಗ ಬಟ್ಟೆಯ ಮೊರೆ ಹೋಗುವುದು ಸೋಮಾರಿತನ ಎಂಬ ಇನ್ನೊಂದು ಮಾತಿದೆ. ಇರುವುದನ್ನು ತೋರಿಸಲು ಇದು ಸರಿ. ಆದರೆ ಇತಿಹಾಸದ ಯುದ್ಧವನ್ನೋ ಮುಳುಗಿದ ಊರನ್ನೋ ತೋರಿಸಬೇಕಾದರೆ ಸೆಟ್ ಕಟ್ಟಬೇಕು. ಅದರ ಬೆಲೆ ಹಣವಷ್ಟೇ ಅಲ್ಲ ಎಂಬುದು ಮೈಸೂರಿಗೆ ಗೊತ್ತು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ಸತ್ತರು. ಹಸಿರು ಪರದೆಗೂ ದೀಪ, ವೈರು ಬೇಕು, ಎಚ್ಚರ ತಪ್ಪುವಂತಿಲ್ಲ. ಆದರೂ ನಾಲ್ಕು ಎಲ್‌ಇಡಿ ದೀಪಗಳ ಕೆಲಸದ ಅಪಾಯ ಎಷ್ಟೋ ಕಡಿಮೆ.

1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಆರಂಭಿಸಿದ ವಿಶ್ವವಿದ್ಯಾನಿಲಯ ಈ ಊರಿನದು. ಚಿತ್ರಕಲೆ ಕಲಿಸುವ ಕಾವಾ, ನಾಟಕವಾಡುವ ರಂಗಾಯಣ ಎರಡೂ ಇಲ್ಲೇ ಇವೆ. ವಿಡಿಯೊ ಕಲಿಸುವ ಮೇಷ್ಟ್ರುಗಳು ಮೊದಲ ವಾರ ಕಂಪ್ಯೂಟರ್ ಮುಚ್ಚಿಟ್ಟು, ರಂಗದ ಬೆಳಕು ಬಲ್ಲವರನ್ನೂ ಪರದೆ ಬರೆಯಬಲ್ಲವರನ್ನೂ ತರಗತಿಗೆ ಕರೆಸಲಿ.