ಸಂಜೆಯ ಉಡುಪಿನ ಒಳಮೈ

1950ರ ದಶಕದ ಪ್ಯಾರಿಸ್‌ನಲ್ಲಿ ಹೊಲಿದ ಕಾಕ್‌ಟೇಲ್ ಉಡುಪನ್ನು ಮಗುಚಿ ಹಾಕಿ ನೋಡಿದರೆ ಒಳಗೊಂದು ಬೇರೆಯೇ ಉಡುಪು ಕಾಣುತ್ತದೆ. ಬಲೆಬಟ್ಟೆಯ ಒಳಕುಪ್ಪಸ, ಅದರ ಹೊಲಿಗೆಗಳುದ್ದಕ್ಕೂ ಕೂರಿಸಿದ ತೆಳುವಾದ ಬಾಗುವ ಪಟ್ಟಿಗಳು, ಸೊಂಟವನ್ನು ಹಿಡಿದಿಡುವ ಗಟ್ಟಿ ರಿಬ್ಬನ್, ರೇಷ್ಮೆ ಸುತ್ತಿದ ಟಿಚ್ ಬಟನ್, ಕೈಯಲ್ಲೇ ಹೊಲಿದ ಜಿಪ್. ಹೊರಗಿನ ಸ್ಯಾಟಿನ್ ಸೊಗಸಾಗಿ ನಿಂತಿರುವುದೇ ಇವುಗಳ ಬಲದ ಮೇಲೆ.

ಸಂಜೆ ಆರರಿಂದ ಎಂಟರವರೆಗೆ ಪಾನಗೋಷ್ಠಿಗೆ ಸೇರುವ ರೂಢಿ 1920ರ ದಶಕದಲ್ಲಿ ಬಲವಾಯಿತು. ಹಗಲಿನ ಉಡುಪು ಅಲ್ಲಿಗೆ ತೀರಾ ಸಾದಾ, ನೆಲ ಮುಟ್ಟುವ ರಾತ್ರಿ ಗೌನು ತೀರಾ ಭಾರಿ. ಇವೆರಡರ ನಡುವೆ ಹುಟ್ಟಿದ್ದು ಕಾಕ್‌ಟೇಲ್ ಡ್ರೆಸ್: ಉದ್ದದಲ್ಲಿ ಗಿಡ್ಡ, ಬಟ್ಟೆಯಲ್ಲಿ ಶ್ರೀಮಂತ. ಎರಡನೇ ಮಹಾಯುದ್ಧದ ನಂತರ ಅದು ತನ್ನ ಪೂರ್ಣ ಕಳೆ ಪಡೆಯಿತು.

1947ರ ಫೆಬ್ರವರಿ 12ರಂದು ಪ್ಯಾರಿಸ್‌ನ ವಸ್ತ್ರವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ ತನ್ನ ಮೊದಲ ಸಂಗ್ರಹವನ್ನು 30, ಅವೆನ್ಯೂ ಮೊಂಟೇನ್‌ನಲ್ಲಿ ತೋರಿಸಿದ. ಹಣ ಹಾಕಿದ್ದು ಹತ್ತಿ ಬಟ್ಟೆಯ ದೊಡ್ಡ ಉದ್ಯಮಿ ಮಾರ್ಸೆಲ್ ಬೂಸಾಕ್. ಯುದ್ಧದ ಅಭಾವದಲ್ಲಿ ಗಿಡ್ಡವಾಗಿ, ಬಿಗಿಯಾಗಿ ಹೊಲಿದ ಉಡುಪುಗಳಿಗೆ ಒಗ್ಗಿಹೋಗಿದ್ದ ಕಣ್ಣುಗಳನ್ನು ಆ ಸಣ್ಣ ಸೊಂಟ, ಗಜಗಟ್ಟಲೆ ಬಟ್ಟೆ ನುಂಗುವ ಲಂಗ ದಂಗು ಬಡಿಸಿದವು. ಬ್ರಿಟನ್ನಿನಲ್ಲಂತೂ ಆಗಿನ್ನೂ ಬಟ್ಟೆಗೆ ರೇಷನ್ ಇತ್ತು. ಆ ಆಕಾರ ನಿಲ್ಲಲೆಂದು ಡಿಯೋರ್ ಹಳೆಯ ವಿದ್ಯೆಗೆ ಮರಳಿದ: ಬಹುಪಾಲು ಬಟ್ಟೆಗಳಿಗೆ ಪರ್ಕೇಲ್ ಎಂಬ ಒತ್ತು ನೇಯ್ಗೆಯ ಹತ್ತಿ ಬಟ್ಟೆಯ ಅಥವಾ ಟಫೆಟಾ ಎಂಬ ಗರಿಗರಿ ಬಟ್ಟೆಯ ಅಸ್ತರು ಕೊಡಿಸಿದ.

ಚಿತ್ರ ಬರೆಯುವುದು ಡಿಯೋರನ ಕೆಲಸ. ಅದನ್ನು ಓದಿ ಬಟ್ಟೆಗಿಳಿಸುವುದು ಹೊಲಿಗೆಮನೆಯ ಮುಖ್ಯಸ್ಥೆ ‘ಪ್ರೆಮಿಯೇರ್’ಳ ಕೆಲಸ. ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಒಂದು ಮಾದರಿ ಮಾಡಿ, ಗುಂಡುಸೂಜಿ ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚಿ ತಿದ್ದುತ್ತಿದ್ದರು. ನಯವಾಗಿ ಇಳಿಬೀಳುವ ಬಟ್ಟೆಗೆ ಒಂದು ಹೊಲಿಗೆಮನೆ, ಕೋಟಿನಂಥ ಗಟ್ಟಿ ಹೊಲಿಗೆಗೆ ಇನ್ನೊಂದು. ಗಿರಾಕಿಯ ಮೈ ಅಳತೆಗೆ ಪ್ಯಾಡ್ ಸುತ್ತಿದ ಗೊಂಬೆ, ಕಚ್ಚಾ ಹೊಲಿಗೆ, ಒಂದರ ಮೇಲೊಂದು ಟ್ರಯಲ್. ಮುಂದೆ ಸಡಿಲ ಮಾಡಬೇಕಾಗಿ ಬಂದರೆ ಇರಲೆಂದು ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು. ಇಂಥ ಅಳತೆಗೆ ಹೊಲಿದ ಉನ್ನತ ಉಡುಪುಗಾರಿಕೆಯ ‘ಓತ್ ಕುಟೂರ್’ ಎಂಬ ಹೆಸರಿಗೆ 1945ರಿಂದ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿದೆ. ಆದರೆ ಆ ಹೆಸರಿನ ಮಾನ ಉಳಿಸಿದ್ದು ‘ಪೆತಿತ್ ಮೇಂ’ ಅಂದರೆ ಪುಟ್ಟ ಕೈಗಳೆಂದು ಕರೆಸಿಕೊಂಡ ಹೊಲಿಗೆ ಹೆಂಗಸರು. ಲೇಬಲ್ಲಿನ ಮೇಲೆ ಅವರ ಹೆಸರು ಬರಲಿಲ್ಲ.

ಪ್ಯಾರಿಸ್‌ನ ಇನ್ನೊಬ್ಬ ವಿನ್ಯಾಸಕ ಕ್ರಿಸ್ಟೋಬಲ್ ಬಲೆನ್ಸಿಯಾಗನ ದಾರಿ ಬೇರೆ. ಸ್ಪೇನಿನ ಬಾಸ್ಕ್ ಸೀಮೆಯ ಗೆತಾರಿಯಾ ಊರಿನ ಹೊಲಿಗೆಯಾಕೆಯ ಮಗನಾದ ಆತನಿಗೆ ಕತ್ತರಿ, ಸೂಜಿ ಎರಡೂ ಕೈವಶ. ಸರಿಯಾಗಿ ಕೂರದ ತೋಳನ್ನು ಕಿತ್ತು ತಾನೇ ಮತ್ತೆ ಕೂರಿಸುತ್ತಿದ್ದ. ಒಳಗೆ ಚೌಕಟ್ಟು ಕಟ್ಟುವುದಕ್ಕಿಂತ ಬಟ್ಟೆಯಿಂದಲೇ ಆಕಾರ ತೆಗೆಯುವುದು ಆತನ ಹಟ. 1958ರ ‘ಬೇಬಿ ಡಾಲ್’ ಉಡುಪಿನಲ್ಲಿ ಮೈಗಂಟಿದ ಒಳ ಉಡುಪಿನ ಮೇಲೆ ಭುಜದಿಂದ ಡೇರೆಯಂತೆ ಅಗಲವಾಗಿ ಇಳಿಯುವ ಪಾರದರ್ಶಕ ಲೇಸು. ಸೊಂಟ ಜಾಲರಿಯ ಹಿಂದೆ ನೆರಳಿನ ಹಾಗೆ ಮಾತ್ರ ಕಾಣುತ್ತದೆ. ಅದೇ ವರ್ಷ ಜ್ಯೂರಿಕ್‌ನ ಅಬ್ರಹಾಂ ಕಂಪನಿಯ ಗುಸ್ತಾವ್ ಜುಮ್‌ಸ್ಟೆಗ್ ಜೊತೆ ಸೇರಿ ಗಜಾರ್ ಎಂಬ ಗಡಸು ರೇಷ್ಮೆಯನ್ನು ರೂಪಿಸಿದ. ಮಡಿಸಿದಂತೆ ನಿಲ್ಲುವ ಬಟ್ಟೆ ಅದು.

ಇಂಥ ಉಡುಪುಗಳ ಮೇಲಿನ ಕಸೂತಿಗೆ ಹೆಸರಾದದ್ದು ಲೆಸಾಜ್ ಮನೆತನ. 1924ರಲ್ಲಿ ಅಲ್ಬೇರ್ ಲೆಸಾಜ್ ಕೊಂಡ ಮಿಶೊನೆ ಕಸೂತಿಮನೆಯನ್ನು 1949ರಿಂದ ಮಗ ಫ್ರಾನ್ಸ್ವಾ ನಡೆಸಿದ. ಅವರ ಮುಖ್ಯ ಸಾಧನ ಲುನೆವಿಲ್ ಕೊಕ್ಕೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಹಿಂಬದಿ ಮೇಲೆ ಮಾಡಿಕೊಂಡು, ಕೆಳಗಿನ ದಾರದಲ್ಲಿ ಪೋಣಿಸಿದ ಮಣಿ, ಚಮಕಿಗಳನ್ನು ಒಂದೊಂದಾಗಿ ಸರಪಳಿ ಹೊಲಿಗೆಯಲ್ಲಿ ಸಿಕ್ಕಿಸಬೇಕು. ಮುಂಬದಿ ಕೆಲಸಗಾರ್ತಿಗೆ ಕಾಣದು, ಬೆರಳೇ ಕಣ್ಣಾಗಬೇಕು. ಕೊಕ್ಕೆ ಸೂಜಿಯ ಕಸೂತಿ 18ನೇ ಶತಮಾನದಲ್ಲಿ ಯುರೋಪಿಗೆ ಹೋದದ್ದು ಪೂರ್ವದೇಶಗಳಿಂದ. ಬೆಂಗಳೂರು, ಮೈಸೂರಿನ ಬೊಟಿಕ್‌ಗಳಲ್ಲಿ ಮದುವೆ ರವಿಕೆಗಳ ಮೇಲೆ ಮೂಡುವ ಆರಿ ವರ್ಕ್ ಇದೇ ವಂಶದ್ದು.

ಅಷ್ಟು ಕೈಕೆಲಸದ ಖರ್ಚನ್ನು ಭರಿಸುವ ಗಿರಾಕಿಗಳು 1960ರ ದಶಕದಲ್ಲಿ ಕಡಿಮೆಯಾದರು. 1966ರಲ್ಲಿ ವಿನ್ಯಾಸಕ ಈವ್ ಸಾಂ ಲೊರಾನ್ ಸಿದ್ಧ ಉಡುಪಿನ ‘ರೀವ್ ಗೋಷ್’ ಅಂಗಡಿ ತೆರೆದ. 1968ರಲ್ಲಿ ಬಲೆನ್ಸಿಯಾಗ ತನ್ನ ಫ್ಯಾಷನ್ ಸಂಸ್ಥೆಯನ್ನೇ ಮುಚ್ಚಿದ. ವಿದ್ಯೆ ಮಾತ್ರ ಪೂರ್ತಿ ಕೈಬಿಟ್ಟು ಹೋಗಲಿಲ್ಲ. ಫ್ರಾನ್ಸ್ವಾ ಲೆಸಾಜ್ 1992ರಲ್ಲಿ ಪ್ಯಾರಿಸ್‌ನಲ್ಲಿ ಕಸೂತಿ ಶಾಲೆ ಆರಂಭಿಸಿದ. ಹತ್ತು ವರ್ಷಗಳ ನಂತರ ಶನೆಲ್ ಸಂಸ್ಥೆ ಲೆಸಾಜ್ ಕಸೂತಿಮನೆಯನ್ನು ಕೊಂಡು ಉಳಿಸಿಕೊಂಡಿತು. ಲುನೆವಿಲ್ ಕೊಕ್ಕೆ ಹಿಡಿಯುವುದನ್ನು ಕಲಿಯಲು ಆ ಶಾಲೆಗೆ ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ.