ಐನ್‌ಸೀಡೆಲ್ನ್ ಮಠಕ್ಕೆ ಒಂದು ದಿನದ ಯಾತ್ರೆ

ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಹಿಮ, ಹಸು, ಚಾಕೊಲೇಟು ಮತ್ತು ಹಿಂದಿ ಸಿನಿಮಾದ ಹಾಡು. ಯೂರೋಪ್ ಪ್ರವಾಸ ಮುಗಿಸಿ ಬಂದ ನಮ್ಮ ಸಂಘದ ಯಾವ ಕುಟುಂಬದ ಆಲ್ಬಂ ತೆರೆದರೂ ಟಿಟ್ಲಿಸ್ ಪರ್ವತದ ಮೇಲೆ ಸೀರೆಯ ಮೇಲೊಂದು ಕೋಟು ತೊಟ್ಟು ನಡುಗುತ್ತ ನಿಂತ ಚಿತ್ರ ಇದ್ದೇ ಇರುತ್ತದೆ. ಆ ಟಿಟ್ಲಿಸ್‌ಗೆ ಕೇಬಲ್ ಕಾರ್ ಹತ್ತುವ ಎಂಗೆಲ್‌ಬರ್ಗ್ ಊರಿನಲ್ಲೇ 1120ರಲ್ಲಿ ಸ್ಥಾಪನೆಯಾದ ಬೆನೆಡಿಕ್ಟೈನ್ ಮಠವೊಂದಿದೆ. ಅದರೊಳಗೆ ಇಣುಕಿ ನೋಡಿದೆವು ಎಂದವರನ್ನು ನಾವಂತೂ ಈವರೆಗೆ ಕಂಡಿಲ್ಲ.

2023ರ ಜೂನ್ ತಿಂಗಳಲ್ಲಿ ಜೂರಿಕ್‌ನಲ್ಲಿ ನಾಲ್ಕು ದಿನ ಉಳಿಯುವ ಅವಕಾಶ ಸಿಕ್ಕಿತು. ಮೂರು ದಿನ ಬೆಟ್ಟ ಹತ್ತಿ ಇಳಿದಾಗಿತ್ತು. ನಾಲ್ಕನೆಯ ದಿನ ಗೈಡ್ ಸಮೇತ ಬಸ್ಸಿನಲ್ಲಿ ಕರೆದೊಯ್ದು ಸಂಜೆಗೆ ವಾಪಸು ತಂದುಬಿಡುವ ಪ್ರವಾಸವೊಂದರಲ್ಲಿ ಐನ್‌ಸೀಡೆಲ್ನ್ ಮಠಕ್ಕೆ ಹೊರಟೆವು. "ಮಠ ನೋಡೋದಕ್ಕೆ ಇಷ್ಟು ದೂರ ಬರಬೇಕಿತ್ತೇನ್ರೀ? ಉಡುಪಿಗೆ ಹೋಗಿದ್ದರೆ ಊಟವಾದರೂ ಸಿಗುತ್ತಿತ್ತು" ಎಂದು ನಮ್ಮ ಮನೆಯವರು ತಕರಾರು ತೆಗೆದರು. ಜೊತೆಗೆ ಮೆಡಿಕಲ್ ಸ್ಕೂಲಿನಲ್ಲಿ ಓದುತ್ತಿರುವ ಮಗಳೂ ಇದ್ದಳು.

ಜೂರಿಕ್ ಸರೋವರದ ದಡ ಬಿಟ್ಟು ದಕ್ಷಿಣಕ್ಕೆ ಏರುತ್ತ ಹೋದರೆ ಒಂದು ಗಂಟೆಯ ಹಾದಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹಸಿರು ಬಯಲು. ಒಂದು ಕಾಲಕ್ಕೆ ಇದು ದಟ್ಟ ಕಾಡು. ಜನ ಇದನ್ನು ಕಗ್ಗಾಡು ಎಂದೇ ಕರೆಯುತ್ತಿದ್ದರು. ರೈಖೆನೌ ಮಠದ ಮೈನ್‌ರಾಡ್ ಎಂಬ ಸನ್ಯಾಸಿ ಏಕಾಂತವನ್ನು ಅರಸಿ 835ರ ಹೊತ್ತಿಗೆ ಇಲ್ಲಿ ಗುಡಿಸಲು ಕಟ್ಟಿಕೊಂಡ. ಜರ್ಮನ್ ಭಾಷೆಯಲ್ಲಿ ಐನ್‌ಸೀಡ್ಲರ್ ಎಂದರೆ ಏಕಾಂತವಾಸಿ. ಊರಿನ ಹೆಸರು ಬಂದದ್ದು ಅದರಿಂದ. ಆದರೆ ಸನ್ಯಾಸಿಗೆ ಏಕಾಂತ ಸಿಗುವುದುಂಟೇ? ಭಕ್ತರು ಹುಡುಕಿಕೊಂಡು ಬಂದರು, ಕಾಣಿಕೆ ತಂದರು. ಕಾಣಿಕೆಯ ಸುದ್ದಿ ಕೇಳಿ ಕಳ್ಳರೂ ಬಂದರು. 861ರ ಜನವರಿ 21ರಂದು ಇಬ್ಬರು ಅವನನ್ನು ಹೊಡೆದು ಕೊಂದರು. ಅವನು ಸಾಕಿದ್ದ ಎರಡು ಕಾಡುಕಾಗೆಗಳು ಕೊಲೆಗಾರರನ್ನು ಜೂರಿಕ್‌ವರೆಗೂ ಅಟ್ಟಿಸಿಕೊಂಡು ಹೋಗಿ ಹಿಡಿದುಕೊಟ್ಟವೆಂದು ಐತಿಹ್ಯ. ಮಠದ ಲಾಂಛನದಲ್ಲಿ ಇಂದಿಗೂ ಆ ಎರಡು ಕಾಗೆಗಳಿವೆ. ಗೈಡ್ ಹೆಂಗಸು ಈ ಕಥೆಯನ್ನು ಮೈಕಿನಲ್ಲಿ ಬಹಳ ಸೊಗಸಾಗಿ ಹೇಳಿದರು. ಮೈನ್‌ರಾಡ್ ಇದ್ದ ಜಾಗದಲ್ಲಿ 934ರಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಬಂದ ಎಬರ್‌ಹಾರ್ಡ್ ಬೆನೆಡಿಕ್ಟೈನ್ ಮಠವನ್ನು ಸ್ಥಾಪಿಸಿದ. ಅಂದಿನಿಂದ ಅದು ನಡೆದುಕೊಂಡು ಬಂದಿದೆ.

ಗೈಡ್ ಎಂಬ ಉದ್ಯೋಗ ಹೊಸದೇನಲ್ಲ. ಈ ಮಠದ ಗ್ರಂಥಭಂಡಾರದಲ್ಲಿರುವ ಒಂಬತ್ತನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ ರೋಮ್ ನಗರವನ್ನು ನಡೆದು ನೋಡುವ ದಾರಿಗಳನ್ನೂ, ಎಡಕ್ಕೆ ಏನಿದೆ ಬಲಕ್ಕೆ ಏನಿದೆ ಎಂಬುದನ್ನೂ ಬರೆದಿಟ್ಟಿದ್ದಾರೆ. ದಾರಿಯಲ್ಲಿ ಕಾಣುವ ಶಾಸನಗಳ ಪಾಠವನ್ನೂ ನಕಲು ಮಾಡಿಕೊಂಡಿದ್ದಾರೆ. ಆ ಶಾಸನಗಳಲ್ಲಿ ಎಷ್ಟೋ ಈಗ ಕಲ್ಲಿನಲ್ಲಿ ಉಳಿದಿಲ್ಲ, ಈ ಹಾಳೆಗಳಲ್ಲಿ ಮಾತ್ರ ಇವೆ. ಆ ಹೆಸರಿಲ್ಲದ ಯಾತ್ರಿಕನಿಗೆ ನಾವು ಮನಸ್ಸಿನಲ್ಲೇ ನಮಸ್ಕಾರ ಹೇಳಿದೆವು.

ನಮ್ಮ ಗೈಡ್ ಹೇಳದೆ ಬಿಟ್ಟ ಒಂದು ಸಂಗತಿಯಿದೆ, ನಮಗೆ ಅದೇ ಮುಖ್ಯವೆನಿಸಿತು. ಮಠವೆಂದರೆ ಬರಿಯ ಪ್ರಾರ್ಥನೆಯಲ್ಲ, ಜಮೀನು ಕೂಡ. ರಾಜರು ದಾನ ಕೊಟ್ಟ ಕಾಡು, ಹುಲ್ಲುಗಾವಲುಗಳೆಲ್ಲ ಮಠದ್ದು. ಪಕ್ಕದ ಶ್ವೀಟ್ಸ್ ಕಣಿವೆಯ ರೈತರಿಗೆ ದನ ಮೇಯಿಸಲು ಜಾಗ ಬೇಕು. ಕಾಡು ಕಡಿದು ಹುಲ್ಲುಗಾವಲು ಮಾಡಿದವರು ನಾವು ಎಂದು ರೈತರು. ಕಾಗದಪತ್ರ ನಮ್ಮ ಹತ್ತಿರವಿದೆ ಎಂದು ಮಠ. ಈ ಗಡಿ ವ್ಯಾಜ್ಯ ಹನ್ನೆರಡನೆಯ ಶತಮಾನದಲ್ಲೇ ಚಕ್ರವರ್ತಿಯ ಮುಂದೆ ಹೋಗಿ, ತೀರ್ಪು ಮಠದ ಪರವಾಯಿತು, ಜಗಳ ನಿಲ್ಲಲಿಲ್ಲ. 1314ರ ಜನವರಿ 6ರ ರಾತ್ರಿ ಶ್ವೀಟ್ಸ್‌ನವರು ಮಠಕ್ಕೆ ನುಗ್ಗಿ ಲೂಟಿ ಮಾಡಿ, ಸನ್ಯಾಸಿಗಳನ್ನು ಹಿಡಿದುಕೊಂಡು ಹೋದರು. ಮಠದ ಶಾಲೆಯ ಮೇಷ್ಟ್ರೊಬ್ಬರೂ ಸೆರೆಯಾದವರಲ್ಲಿದ್ದರು. ಅವರ ಹೆಸರು ರುಡಾಲ್ಫ್ ಫಾನ್ ರಾಡೆಗ್. ಆ ರಾತ್ರಿಯ ಕಥೆಯನ್ನು ಅವರು ಲ್ಯಾಟಿನ್ ಪದ್ಯದಲ್ಲಿ ಬರೆದಿಟ್ಟಿರುವುದರಿಂದಲೇ ನಮಗೆ ವಿವರಗಳು ಗೊತ್ತು. ಮಠದ ರಕ್ಷಕರಾಗಿದ್ದವರು ಹಾಪ್ಸ್‌ಬುರ್ಗ್ ಮನೆತನದವರು. ಮರುವರ್ಷ, 1315ರ ನವೆಂಬರ್ 15ರಂದು, ಆ ಮನೆತನದ ಲಿಯೊಪೋಲ್ಡ್ ಸೈನ್ಯ ತೆಗೆದುಕೊಂಡು ಬಂದಾಗ ಮೋರ್ಗಾರ್ಟನ್ ಎಂಬಲ್ಲಿ ರೈತರು ಅದನ್ನು ಕಣಿವೆಯಲ್ಲಿ ಸಿಕ್ಕಿಸಿ ಸದೆಬಡಿದರು. ಸ್ವಿಸ್ ದೇಶದ ಸ್ವಾತಂತ್ರ್ಯದ ಕಥೆಯಲ್ಲಿ ಆ ಯುದ್ಧಕ್ಕೆ ದೊಡ್ಡ ಸ್ಥಾನ. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಬೆಂಕಿಗೆ ಮಠದ ಹುಲ್ಲೂ ಬಿದ್ದಿತ್ತು. ವ್ಯಾಜ್ಯ ರಾಜಿಯಾದದ್ದು 1350ರಲ್ಲಿ. ಲೂಟಿ ಮಾಡಿದ ಶ್ವೀಟ್ಸ್‌ನ ಹೆಸರೇ ಕ್ರಮೇಣ ಇಡೀ ದೇಶಕ್ಕೆ ಬಂತು. ಇಂದು ಐನ್‌ಸೀಡೆಲ್ನ್ ಊರು ಇರುವುದೂ ಶ್ವೀಟ್ಸ್ ಪ್ರಾಂತ್ಯದಲ್ಲೇ! 1974ರ ಭೂಸುಧಾರಣೆಯ ದಿನಗಳನ್ನು ಕಂಡ ಮನೆಗಳಿಂದ ಬಂದವರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ, ಕೆಲವರು ಒಡೆಯರ ಕಡೆಯವರು, ಕೆಲವರು ಗೇಣಿದಾರರ ಕಡೆಯವರು. ಈ ಜಗಳದ ಎರಡೂ ಬದಿ ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ವೈದ್ಯರಾದ ನಮಗೆ ಈ ಊರಿನ ಮೇಲೆ ಇನ್ನೊಂದು ಹಕ್ಕಿದೆ. ಪ್ಯಾರಾಸೆಲ್ಸಸ್ ಹುಟ್ಟಿದ್ದು ಇಲ್ಲೇ, 1493ರಲ್ಲೋ 94ರಲ್ಲೋ, ಊರಾಚೆಯ ಎಗ್ ಎಂಬ ಹಳ್ಳಿಯಲ್ಲಿ, ಸೀಲ್ ನದಿಯ ಸೇತುವೆಯ ಬಳಿ. ತಂದೆ ವೈದ್ಯ, ತಾಯಿ ಮಠದ ಒಕ್ಕಲು, ಅಂದರೆ ಮಠದ ಅಪ್ಪಣೆಯಿಲ್ಲದೆ ಬೇರೆಡೆ ಹೋಗಲಾಗದ ಜೀತದ ವರ್ಗಕ್ಕೆ ಸೇರಿದವಳು ಎಂದು ವಿದ್ವಾಂಸರ ಮತ. ಈ ಮಗ 1527ರಲ್ಲಿ ಬಾಸೆಲ್ ನಗರದ ವೈದ್ಯನಾಗಿ, ಲ್ಯಾಟಿನ್ ಬಿಟ್ಟು ಜನರ ಜರ್ಮನ್ ಭಾಷೆಯಲ್ಲೇ ವೈದ್ಯಶಾಸ್ತ್ರದ ಪಾಠ ಮಾಡಿ ಪಂಡಿತರ ಕಣ್ಣು ಕೆಂಪಾಗಿಸಿದ. ಅವಿಸೆನ್ನನ ಗ್ರಂಥವನ್ನು ಹಬ್ಬದ ಬೆಂಕಿಗೆ ಎಸೆದ. ಅದು ಅತಿಯಾಯಿತು ಎಂದು ನಮ್ಮ ಅಭಿಪ್ರಾಯ. ಪುಸ್ತಕ ಸುಟ್ಟವನ ವಾದ ಎಷ್ಟೇ ಸರಿಯಿರಲಿ, ಸುಟ್ಟದ್ದು ತಪ್ಪು. ಆದರೆ ಯಾವುದೇ ಪದಾರ್ಥ ವಿಷವೋ ಮದ್ದೋ ಎಂಬುದನ್ನು ನಿರ್ಧರಿಸುವುದು ಅದರ ಪ್ರಮಾಣ ಎಂದು 1538ರಲ್ಲಿ ಅವನು ಬರೆದದ್ದನ್ನು ನಾವು ಎಂ.ಬಿ.ಬಿ.ಎಸ್. ತರಗತಿಯಲ್ಲಿ ಕಲಿತೆವು, ಇಂದಿಗೂ ಪ್ರತಿ ದಿನ ಔಷಧ ಚೀಟಿ ಬರೆಯುವಾಗ ಪಾಲಿಸುತ್ತೇವೆ.

ಮಠದ ಮುಂದಿನ ವಿಶಾಲವಾದ ಅಂಗಳದಲ್ಲಿ ಹದಿನಾಲ್ಕು ನಳಿಕೆಗಳ ಕಾರಂಜಿಯಿದೆ. ಯಾತ್ರಿಕರು ಒಂದೊಂದರಿಂದಲೂ ಒಂದು ಗುಟುಕು ನೀರು ಕುಡಿಯುವ ಪದ್ಧತಿ. ಮನೆಯವರು ಹದಿನಾಲ್ಕನ್ನೂ ಮುಗಿಸಿದರು. ಮಗಳು ಮೂರಕ್ಕೆ ನಿಲ್ಲಿಸಿದಳು.

ಈಗಿನ ಚರ್ಚು ಕಟ್ಟಿದ್ದು 1719ರಿಂದ 1735ರ ನಡುವೆ. ನಕ್ಷೆ ಹಾಕಿದವನು ಇದೇ ಮಠದ ಬ್ರದರ್, ಕ್ಯಾಸ್ಪರ್ ಮೂಸ್‌ಬ್ರುಗ್ಗರ್. ಕೆಲಸ ಮುಗಿಯುವುದನ್ನು ನೋಡಲು ಅವನು ಬದುಕಿರಲಿಲ್ಲ. ಒಳಗೆ ಚಿನ್ನ, ಗಾರೆಯ ದೇವತೆಗಳು, ಛಾವಣಿಯ ತುಂಬ ಚಿತ್ರ. ಚಿತ್ರ ಬರೆದವನ ಹೆಸರು ಕಾಸ್ಮಸ್ ಡಾಮಿಯನ್ ಆಸಾಮ್. ಕಾಸ್ಮಸ್ ಮತ್ತು ಡಾಮಿಯನ್ ಎಂಬುವರು ಕ್ರೈಸ್ತರಲ್ಲಿ ವೈದ್ಯರ ಪೋಷಕ ಸಂತರು. ರೋಗಿಗಳಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಮನೆಯವರು ನಮ್ಮ ಕಡೆ ತಿರುಗಿ ನೋಡಿದರು. ನಾವು ಛಾವಣಿ ನೋಡಿದೆವು.

ಚರ್ಚಿನೊಳಗೆ ಬಾಗಿಲ ಹತ್ತಿರವೇ ಕಪ್ಪು ಅಮೃತಶಿಲೆಯ ಇನ್ನೊಂದು ಪುಟ್ಟ ಗುಡಿಯಿದೆ. ಮೈನ್‌ರಾಡ್‌ನ ಗುಡಿಸಲಿದ್ದ ಜಾಗ ಅದೇ ಎನ್ನುತ್ತಾರೆ. ಅದರಲ್ಲಿ ಮಗುವನ್ನೆತ್ತಿಕೊಂಡ ಮೇರಿ ತಾಯಿ, ಸುಮಾರು ನಾಲ್ಕಡಿ ಎತ್ತರದ ಮರದ ವಿಗ್ರಹ, ಹದಿನೈದನೆಯ ಶತಮಾನದ್ದು. ತಾಯಿ, ಮಗು ಇಬ್ಬರೂ ಕಪ್ಪು. ಋತು, ಹಬ್ಬಗಳಿಗೆ ತಕ್ಕಂತೆ ಜರತಾರಿ ಉಡುಗೆ ಬದಲಾಯಿಸುತ್ತಾರೆ, ನಮ್ಮಲ್ಲಿನ ಅಲಂಕಾರದಂತೆಯೇ. ಯೂರೋಪಿನ ಬಿಳಿ ಜನರ ನಡುವೆ ಕಪ್ಪು ತಾಯಿ ಹೇಗೆ ಬಂದಳು?

ಉತ್ತರ ಸಿಕ್ಕಿದ್ದು ಒಂದು ಆಪತ್ತಿನಿಂದ. 1798ರಲ್ಲಿ ಫ್ರೆಂಚ್ ಸೈನ್ಯ ಸ್ವಿಟ್ಜರ್ಲೆಂಡಿಗೆ ನುಗ್ಗಿತು. ಮಠದವರು ಮೂಲ ವಿಗ್ರಹವನ್ನು ಬಚ್ಚಿಟ್ಟು, ಬೆಟ್ಟ ದಾಟಿಸಿ ಆಸ್ಟ್ರಿಯಾದ ಕಡೆಗೆ ಸಾಗಿಸಿದರು. ಸೈನಿಕರು ಗುಡಿಯನ್ನು ಕೆಡವಿ, ಅಲ್ಲಿದ್ದ ನಕಲು ವಿಗ್ರಹವನ್ನೇ ಅಸಲಿಯೆಂದು ಹೊತ್ತುಕೊಂಡು ಹೋದರು. ಓಡಾಟದಲ್ಲಿ ಮೂಲ ವಿಗ್ರಹದ ಮೇಲ್ಪದರ ಉದುರತೊಡಗಿತ್ತು. 1799ರಲ್ಲಿ ಬ್ಲೂಡೆಂಟ್ಸ್ ಎಂಬ ಊರಿನಲ್ಲಿ ಯೋಹಾನ್ ಆಡಾಮ್ ಫ್ಯೂಟ್ಷರ್ ಎಂಬ ಕುಶಲಕರ್ಮಿಯ ಕೈಗೆ ದುರಸ್ತಿಗೆ ಕೊಟ್ಟರು. ಕಪ್ಪನ್ನು ತೆಗೆದು ನೋಡಿದರೆ ಕೆಳಗೆ ಮನುಷ್ಯರ ಮೈಬಣ್ಣ! ಕಪ್ಪು ಯಾರೂ ಬಳಿದದ್ದಲ್ಲ. ಕಿಟಕಿಯಿಲ್ಲದ ಸಣ್ಣ ಗುಡಿಯಲ್ಲಿ ತಲೆಮಾರುಗಳಿಂದ ಭಕ್ತರು ಹಚ್ಚಿದ ಮೇಣದ ಬತ್ತಿ, ಎಣ್ಣೆ ದೀಪಗಳ ಮಸಿ ಅದು. ಪೆಥಾಲಜಿ ವಸ್ತುಸಂಗ್ರಹಾಲಯದ ಜಾಡಿಗಳಲ್ಲಿ ಹೊಗೆಯ ಊರಿನವರ ಕಪ್ಪಾದ ಶ್ವಾಸಕೋಶ ನೋಡಿದವರಿಗೆ ಇದು ಆಶ್ಚರ್ಯವಲ್ಲ.

ಆಶ್ಚರ್ಯವಿರುವುದು ಮುಂದೆ. ಬಿಳಿ ಮುಖದ ತಾಯಿಯನ್ನು ಜನ ಒಪ್ಪಲಾರದೆ ಹೋದರು. ಅವರ ಅಜ್ಜ ಮುತ್ತಜ್ಜಂದಿರು ಕೈಮುಗಿದದ್ದು ಕಪ್ಪು ತಾಯಿಗೆ. ಕೊನೆಗೆ ಫ್ಯೂಟ್ಷರ್ ತಾನೇ ಮುಖ, ಕೈಗಳಿಗೆ ಕಪ್ಪು ಬಣ್ಣ ಹಚ್ಚಿದ. 1803ರಲ್ಲಿ ಕಪ್ಪಾಗಿಯೇ ಅವಳು ಊರಿಗೆ ಹಿಂದಿರುಗಿದಳು. ಕೆಡವಿದ ಗುಡಿಯನ್ನು 1815ರಿಂದ 1817ರೊಳಗೆ ಪುನಃ ಕಟ್ಟಿದರು.

"ಹಾಗಾದರೆ ಇದು ಬರೀ ಪೇಂಟ್ ತಾನೇ ಅಪ್ಪಾ? ಅಸಲಿ ಅಲ್ಲವಲ್ಲ" ಎಂದಳು ಮಗಳು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ. ಗೌರಿ ಹಬ್ಬದ ಬಗ್ಗೆ, ನಾಗರಪಂಚಮಿಯ ಬಗ್ಗೆ, ನೆಲಮಾಳಿಗೆಯಲ್ಲಿ ಮಂಟಪ ಕಟ್ಟಿ ಮಾಡುವ ಸತ್ಯನಾರಾಯಣ ಪೂಜೆಯ ಬಗ್ಗೆ. ಅಸಲಿ ಯಾವುದು, ಆಮೇಲೆ ಮೆತ್ತಿದ್ದು ಯಾವುದು? ನಾವು ಉತ್ತರ ಹುಡುಕುತ್ತಿರುವಾಗ ಮನೆಯವರೇ ಹೇಳಿದರು: "ನಮ್ಮ ಅಜ್ಜಿ ಮನೆ ದೇವರ ಗೂಡು ನೋಡಿದ್ದರೆ ಹೀಗೆ ಕೇಳುತ್ತಿರಲಿಲ್ಲ ನೀನು. ಆ ಗೋಡೆಗೆ ಸುಣ್ಣ ಬಳಿಯೋದಕ್ಕೆ ಅಜ್ಜಿ ಬಿಡುತ್ತಲೇ ಇರಲಿಲ್ಲ. ಮಸಿಯೂ ದೇವರದೇ ಅನ್ನೋರು." ಮಗಳಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನಮಗೆ ಮೆಚ್ಚುಗೆಯಾದದ್ದು ಮಾತ್ರ ಫ್ಯೂಟ್ಷರ್. ಅವನು ಜನರ ಮಾತಿಗೆ ಮಣಿದು ಕಪ್ಪು ಹಚ್ಚಿದ. ಜೊತೆಗೆ, ತಾನು ಕಂಡದ್ದೇನು, ಮಾಡಿದ್ದೇನು ಎಂಬುದನ್ನು ಮುಚ್ಚಿಡದೆ ಬರೆದಿಟ್ಟ. ಒಳ್ಳೆಯ ಕೇಸ್ ಶೀಟ್ ಎಂದರೆ ಅದು. ಮಠದವರೂ ಅದನ್ನು ಸುಟ್ಟುಹಾಕಲಿಲ್ಲ. ಅವನ ವರದಿ ಉಳಿದಿದೆ, ಬರುವ ಭಕ್ತರೂ ಉಳಿದಿದ್ದಾರೆ.

ಬಂದವರಲ್ಲಿ ಅಂದು ಒಂದು ಶ್ರೀಲಂಕಾ ತಮಿಳು ಕುಟುಂಬವಿತ್ತು. ಹೆಂಗಸಿನ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಮೇಣದ ಬತ್ತಿ. 1983ರ ಗಲಭೆಗಳ ನಂತರ ಸಾವಿರಾರು ತಮಿಳರು ಸ್ವಿಟ್ಜರ್ಲೆಂಡಿಗೆ ನಿರಾಶ್ರಿತರಾಗಿ ಬಂದರು. ಅವರಲ್ಲಿ ಹಿಂದೂಗಳೂ ಈ ಕಪ್ಪು ತಾಯಿಯ ಬಳಿ ಬರುವುದುಂಟು. ಅರೆಬರೆ ತಮಿಳಿನಲ್ಲಿ ಮಾತಾಡಿಸಿದೆವು. ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರಂತೆ, ಹಿರಿಯ ಮಗ ಹುಟ್ಟಿದಂದಿನಿಂದ. ಮಸಿಯ ಕಥೆಯನ್ನು ಅವರಿಗೆ ಹೇಳುವ ಗೋಜಿಗೆ ನಾವು ಹೋಗಲಿಲ್ಲ. ಹೇಳಿದ್ದರೂ ಆಕೆ ಬತ್ತಿ ಹಚ್ಚದೆ ಹಿಂದಿರುಗುತ್ತಿದ್ದರು ಎಂದು ತೋರಲಿಲ್ಲ.

ಹೋಗಬಯಸುವ ಸಂಘದ ಬಂಧುಗಳಿಗೆ ಎರಡು ಮಾತು. ಗೈಡ್ ಬಸ್ಸು ಅನುಕೂಲವೇ, ಆದರೆ ಮೂರೂವರೆಗೆ ಹೊರಟುಬಿಡುತ್ತದೆ. ಸಂಜೆ ನಾಲ್ಕೂವರೆಗೆ ಸನ್ಯಾಸಿಗಳು ಲ್ಯಾಟಿನ್‌ನಲ್ಲಿ ಸಂಧ್ಯಾ ಪ್ರಾರ್ಥನೆ ಮಾಡಿ, ಸಾಲಾಗಿ ಬಂದು ಕಪ್ಪು ತಾಯಿಯ ಗುಡಿಯೆದುರು ನಿಂತು ಅವಳ ಸ್ತುತಿ ಹಾಡುತ್ತಾರೆ, ಶತಮಾನಗಳ ಪದ್ಧತಿ. ನಾವು ಬಸ್ಸನ್ನು ಬಿಟ್ಟು ಅದಕ್ಕಾಗಿ ಉಳಿದೆವು. ಜೂರಿಕ್‌ಗೆ ವೇಡನ್ಸ್‌ವಿಲ್‌ನಲ್ಲಿ ಬದಲಾಯಿಸಿಕೊಂಡು ಹೋಗುವ ರೈಲು ಬೇಕಾದಷ್ಟಿದೆ, ಒಂದು ಗಂಟೆಯೊಳಗೆ ತಲುಪಿಸುತ್ತದೆ. ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ದಾರಿ: ಇದೇ ಮಠದ ಸನ್ಯಾಸಿಗಳು 1854ರಲ್ಲಿ ಅಮೆರಿಕಕ್ಕೆ ಬಂದು ಇಂಡಿಯಾನಾ ರಾಜ್ಯದ ದಕ್ಷಿಣದಲ್ಲಿ ಸೇಂಟ್ ಮೈನ್‌ರಾಡ್ ಎಂಬ ಮಠ ಕಟ್ಟಿದರು. ಅದು ಈಗಲೂ ನಡೆಯುತ್ತಿದೆ, ಒಳಗೆ ಹೋಗಿ ನೋಡಬಹುದು. ಶರತ್ಕಾಲದಲ್ಲಿ ಎಲೆ ಬಣ್ಣ ನೋಡಲು ಆ ಕಡೆ ಕಾರು ಓಡಿಸುವವರು ಊಟದ ಬುತ್ತಿ ಕಟ್ಟಿಕೊಂಡು ಹೋಗುವುದು ಮೇಲು.